ಮುಗಿಲು ಮುಟ್ಟುವ ಮರ, ಮುಷ್ಟಿಯೊಳಗಿನ ಕಾಯಿ

ಆಲದ ಮರದ ನೆರಳಿನಲ್ಲಿ ಮಲಗಿದ ದಾರಿಹೋಕನ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ. ನೆಲದ ಮೇಲೆ ಹರಿಯುವ ಬಡ ಬಳ್ಳಿಗೆ ಕುಂಬಳದಂಥ ಕಾಯಿಯನ್ನೂ, ಇಷ್ಟು ದೊಡ್ಡ ಮರಕ್ಕೆ ಗೋಲಿಯಂಥ ಹಣ್ಣನ್ನೂ ಕೊಟ್ಟ ದೇವರ ಬುದ್ಧಿಯನ್ನು ಅವನು ಹಳಿಯುತ್ತಿದ್ದನಂತೆ. ಅಷ್ಟರಲ್ಲಿ ಮೇಲಿನಿಂದ ಒಂದು ಆಲದ ಹಣ್ಣು ಮೂಗಿನ ಮೇಲೆ ಬಿದ್ದಿತು. ಇದು ಕುಂಬಳಕಾಯಿಯಾಗಿದ್ದರೆ ತನ್ನ ಗತಿಯೇನು ಎಂದು ಅವನು ಎದ್ದು ಕೈಮುಗಿದನಂತೆ. ಕಥೆ ಸೊಗಸಾಗಿದೆ, ನೀತಿಯೂ ಒಪ್ಪುವಂಥದೇ. ಆದರೆ ಆ ದಾರಿಹೋಕನು ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲೋ ಆಸ್ಟ್ರೇಲಿಯದ ಕಾಡುಗಳಲ್ಲೋ ಮಲಗಿದ್ದರೆ ಕಥೆ ಬೇರೆಯ ರೀತಿಯಲ್ಲಿ ಮುಗಿಯುತ್ತಿತ್ತು. ಅಲ್ಲಿ ನೂರಡಿ ಎತ್ತರದ ಕೊಂಬೆಗಳಿಂದ ಕುಂಬಳದ ತೂಕದ ಕಾಯಿಗಳು ನಿಜವಾಗಿಯೂ ಉದುರುತ್ತವೆ!

ಸೂಜಿಯಂಥ ಎಲೆಗಳನ್ನೂ ಶಂಕುವಿನಾಕಾರದ ಕಾಯಿಗಳನ್ನೂ ಹೊತ್ತ ಪೈನ್, ದೇವದಾರು, ಸಿಕ್ವೋಯಾ ಮೊದಲಾದ ಮರಗಳ ಕುಲ ಬಹು ಪ್ರಾಚೀನವಾದದ್ದು. ಹೂ ಬಿಡುವ ಗಿಡಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೂ ಬಹುಕಾಲ ಮುಂಚೆಯೇ ಇವು ಕಾಡುಗಳಾಗಿ ಹಬ್ಬಿದ್ದುವು. ಜಗತ್ತಿನ ಅತ್ಯಂತ ಎತ್ತರದ ಮರ, ಅತ್ಯಂತ ದೊಡ್ಡ ಗಾತ್ರದ ಮರ, ಇವೆರಡೂ ಈ ಕುಲಕ್ಕೇ ಸೇರಿವೆ. ಇವುಗಳ ಕಾಯಿಗಳಿಗಾಗಿ ಪ್ರಾಣವನ್ನು ಪಣವಾಗಿಟ್ಟವರಿದ್ದಾರೆ. ಮರಗಳಿಗಾಗಿ ಹೋರಾಡಿದವರೂ, ಅವುಗಳನ್ನು ಕಡಿದು ಹಣ ಮಾಡಿದವರೂ ಇದ್ದಾರೆ.

ಬಂದೂಕಿನಿಂದ ಕೊಯ್ದ ಕಾಯಿ

ಸ್ಕಾಟ್ಲೆಂಡಿನ ಸ್ಕೋನ್ ಎಂಬ ಊರಿನಲ್ಲಿ 1799ರಲ್ಲಿ ಹುಟ್ಟಿದ ಡೇವಿಡ್ ಡಗ್ಲಸ್ ಎಂಬಾತ ತೋಟಗಾರಿಕೆಯನ್ನೇ ಕಸುಬಾಗಿ ಕಲಿತವನು. ಲಂಡನ್ನಿನ ತೋಟಗಾರಿಕಾ ಸಂಘವು ಹೊಸ ಹೊಸ ಸಸ್ಯಗಳನ್ನು ಅರಸಿ ತರುವುದಕ್ಕಾಗಿ ಅವನನ್ನು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಕಳುಹಿಸಿತು. 1825ರಲ್ಲಿ ಅಲ್ಲಿನ ಮೂಲನಿವಾಸಿಯೊಬ್ಬನ ತಂಬಾಕಿನ ಚೀಲದಲ್ಲಿ ಅವನು ಅಸಾಧಾರಣ ಗಾತ್ರದ ಪೈನ್ ಬೀಜಗಳನ್ನು ಕಂಡನು. ಬೀಜವೇ ಇಷ್ಟು ದೊಡ್ಡದಾಗಿದ್ದರೆ ಕಾಯಿ ಎಷ್ಟಿರಬೇಕು, ಮರ ಎಷ್ಟಿರಬೇಕು? ಆ ಪ್ರಶ್ನೆ ಅವನ ತಲೆಯನ್ನು ಹೊಕ್ಕಿತು, ಮತ್ತೆ ಹೊರಡಲಿಲ್ಲ.

ಮರುವರ್ಷ, 1826ರ ಅಕ್ಟೋಬರ್ ತಿಂಗಳಿನಲ್ಲಿ, ಮಳೆ ಬಿರುಗಾಳಿಗಳ ನಡುವೆ ಇಂದಿನ ಆರೆಗನ್ ಪ್ರಾಂತದ ಅಂಪ್ಕ್ವಾ ನದಿಯ ಕಣಿವೆಯಲ್ಲಿ ಅಲೆಯುತ್ತ ಅವನು ಕೊನೆಗೂ ಆ ಮರಗಳನ್ನು ಕಂಡನು. ಗಾಳಿಗೆ ಉರುಳಿದ್ದ ಒಂದು ಮರವನ್ನು ಅಳೆದಾಗ ಅದರ ಉದ್ದ 215 ಅಡಿಯಾಯಿತು. ಬುಡದಿಂದ ಮೂರು ಅಡಿ ಮೇಲೆ ಸುತ್ತಳತೆ 57 ಅಡಿ 9 ಅಂಗುಲ. ನಿಂತ ಮರಗಳ ಕೊಂಬೆಗಳ ತುದಿಯಲ್ಲಿ ಮೊಳದುದ್ದದ ಕಾಯಿಗಳು ಜೋತಾಡುತ್ತಿದ್ದುವು. ಹತ್ತೋಣವೆಂದರೆ ತಬ್ಬಿಗೆ ಸಿಗದ ಕಾಂಡ; ಕಡಿಯೋಣವೆಂದರೆ ಒಬ್ಬನಿಂದಾಗದ ಕೆಲಸ. ಡಗ್ಲಸ್ ಬಂದೂಕನ್ನೆತ್ತಿ ಕಾಯಿಯ ತೊಟ್ಟಿಗೆ ಗುರಿಯಿಟ್ಟನು.

ಮೂರು ಕಾಯಿಗಳೇನೋ ಬಿದ್ದುವು. ಆದರೆ ಬಂದೂಕಿನ ಸದ್ದಿಗೆ ಕಾಡಿನೊಳಗಿಂದ ಎಂಟು ಮಂದಿ ಮೂಲನಿವಾಸಿಗಳು ಬಂದು ನಿಂತರು. ಮೈಗೆಲ್ಲ ಕೆಮ್ಮಣ್ಣು, ಕೈಯಲ್ಲಿ ಬಿಲ್ಲು ಬಾಣ, ಮೂಳೆಯ ಮೊನೆಯ ಈಟಿ, ಕಲ್ಲಿನ ಚೂರಿ. ಬಂದ ಉದ್ದೇಶವನ್ನು ಡಗ್ಲಸ್ ತಿಳಿಸಲು ಯತ್ನಿಸಿದನು. ಅವರು ಕುಳಿತು ಚೂರಿಯನ್ನು ಮಸೆಯತೊಡಗಿದಾಗ ಇವನು ಹಿಂದೆ ಸರಿದು, ಬಂದೂಕನ್ನೂ ಪಿಸ್ತೂಲನ್ನೂ ಸಜ್ಜುಮಾಡಿಕೊಂಡು ನಿಂತನು. ಹತ್ತು ನಿಮಿಷದಷ್ಟು ಕಾಲ ಎರಡು ಕಡೆಯವರೂ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕೊನೆಗೆ ಅವರ ಮುಖ್ಯನು ತಂಬಾಕು ಬೇಕೆಂದು ಸನ್ನೆ ಮಾಡಿದನು. ಕಾಯಿಗಳನ್ನು ಹುಡುಕಿ ತಂದರೆ ತಂಬಾಕು ಕೊಡುವೆನೆಂದು ಡಗ್ಲಸ್ ಉತ್ತರವಿತ್ತನು. ಅವರು ಕಾಯಿ ಹುಡುಕಲು ಮರೆಯಾದುದೇ ತಡ, ಮೂರು ಕಾಯಿಗಳನ್ನೂ ಕೆಲವು ರೆಂಬೆಗಳನ್ನೂ ಎತ್ತಿಕೊಂಡು ಓಟ ಕಿತ್ತನು. ಆ ರಾತ್ರಿ ಹುಲ್ಲಿನ ಮೇಲೆ ಒರಗಿ, ಬಂದೂಕನ್ನು ಪಕ್ಕದಲ್ಲಿಟ್ಟುಕೊಂಡು, ರಾಳ ತುಂಬಿದ ಕಟ್ಟಿಗೆಯ ಚೂರೊಂದರ ಬೆಳಕಿನಲ್ಲಿ ಅವನು ಇದೆಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟನು.

ಆ ಮರವೇ ಸಕ್ಕರೆ ಪೈನ್. ಗಾಯವಾದಲ್ಲಿ ಒಸರುವ ಸಿಹಿಯಾದ ರಸದಿಂದ ಅದಕ್ಕೆ ಆ ಹೆಸರು. ಪೈನ್ ಜಾತಿಗಳಲ್ಲೆಲ್ಲ ಅತಿ ಎತ್ತರಕ್ಕೆ ಬೆಳೆಯುವುದೂ ಅದೇ, ಅತಿ ಉದ್ದದ ಕಾಯಿಯನ್ನು ಬಿಡುವುದೂ ಅದೇ. ಒಂದು ಅಡಿ, ಒಂದೂವರೆ ಅಡಿಯ ಕಾಯಿಗಳು ಅಲ್ಲಿ ಸಾಮಾನ್ಯ. ಕೆಲವು ಎರಡು ಅಡಿಯ ಸಮೀಪಕ್ಕೂ ಬರುತ್ತವೆ. ಇನ್ನೂರಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಇಂಗ್ಲೆಂಡಿಗೆ ಪರಿಚಯಿಸಿದ ಡಗ್ಲಸ್, 1834ರಲ್ಲಿ ಹವಾಯಿ ದ್ವೀಪದಲ್ಲಿ ಕಾಡುದನಗಳನ್ನು ಹಿಡಿಯಲು ತೋಡಿದ್ದ ಗುಂಡಿಯೊಂದರಲ್ಲಿ ಸತ್ತುಬಿದ್ದುದು ಕಂಡುಬಂದಿತು. ಅದೇ ಗುಂಡಿಯಲ್ಲಿ ಒಂದು ಗೂಳಿಯೂ ಇತ್ತು. ಅವನಿಗಾಗ ಮೂವತ್ತೈದು ವರ್ಷ.

ತಲೆಯ ಮೇಲಿನ ಭಾರ

ಉದ್ದದಲ್ಲಿ ಸಕ್ಕರೆ ಪೈನಿನದೇ ಮೇಲುಗೈಯಾದರೆ, ಪೈನುಗಳಲ್ಲಿ ತೂಕದ ಹಿರಿಮೆ ಕೌಲ್ಟರ್ ಪೈನಿಗೆ ಸಲ್ಲುತ್ತದೆ. ಐರ್ಲೆಂಡಿನ ವೈದ್ಯ ಥಾಮಸ್ ಕೌಲ್ಟರ್ 1830ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಗುರುತಿಸಿದ ಈ ಮರ ಅಷ್ಟೇನೂ ದೊಡ್ಡದಲ್ಲ. ಆದರೆ ಅದರ ಹಸಿ ಕಾಯಿ ನಾಲ್ಕೈದು ಕಿಲೋಗ್ರಾಂವರೆಗೂ ತೂಗುತ್ತದೆ. ಸಾಲದೆಂಬಂತೆ ಪ್ರತಿಯೊಂದು ಪದರಿನ ತುದಿಯಲ್ಲೂ ಹದ್ದಿನ ಉಗುರಿನಂಥ ಕೊಕ್ಕೆ. ಕಾಡಿನಲ್ಲಿ ದುಡಿಯುವವರು ಈ ಕಾಯಿಗೆ ಇಟ್ಟ ಅಡ್ಡಹೆಸರು ‘ಹೆಂಡಿರ ತಾಳಿ ಕಳೆಯುವುದು’ ಎಂಬರ್ಥದ್ದು.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಬುನ್ಯಾ ಮರ ಇದನ್ನೂ ಮೀರಿಸಿದ್ದು. ಅದು ಪೈನ್ ಅಲ್ಲ, ಅರೌಕೇರಿಯಾ ಎಂಬ ಬೇರೊಂದು ಕುಲದ್ದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಂಬದಂತೆ ನೆಟ್ಟಗೆ ನಿಂತು, ಕ್ರಿಸ್‌ಮಸ್ ಮರವೆಂದು ಮಕ್ಕಳಿಂದ ಕರೆಸಿಕೊಳ್ಳುವ ಮರಗಳು ಇದರ ದಾಯಾದಿಗಳೇ. ಬುನ್ಯಾದ ಕಾಯಿ ಹತ್ತು ಕಿಲೋಗ್ರಾಂ ತೂಗುವುದುಂಟು. ಸುಮಾರು ಮೂರು ವರ್ಷಕ್ಕೊಮ್ಮೆ ಸಮೃದ್ಧವಾದ ಫಸಲು ಬಂದಾಗ, ದೂರ ದೂರದ ಮೂಲನಿವಾಸಿ ಪಂಗಡಗಳವರು ಬುನ್ಯಾ ಬೆಟ್ಟಗಳಿಗೆ ಬಂದು ನೆರೆಯುತ್ತಿದ್ದರು. ಬೀಜಗಳನ್ನು ಸುಟ್ಟು ತಿನ್ನುವುದು, ವ್ಯಾಜ್ಯಗಳನ್ನು ತೀರಿಸುವುದು, ಮದುವೆಗಳನ್ನು ಕುದುರಿಸುವುದು, ಹಾಡು ಕುಣಿತಗಳು, ಎಲ್ಲವೂ ಆ ಜಾತ್ರೆಯಲ್ಲೇ ನಡೆಯುತ್ತಿದ್ದುವು. 1842ರಲ್ಲಿ ರಾಜ್ಯಪಾಲ ಗಿಪ್ಸ್ ಈ ಮರಗಳಿರುವ ನೆಲದಲ್ಲಿ ಬಿಳಿಯರು ನೆಲೆಸಕೂಡದೆಂದು ಘೋಷಣೆ ಹೊರಡಿಸಿದನು. ಆದರೆ 1860ರಲ್ಲಿ ಆ ರಕ್ಷಣೆ ರದ್ದಾಯಿತು. ಮರ ಕಡಿಯುವವರು ಬಂದರು, ನೆಲದ ಮಕ್ಕಳು ಚದುರಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಆ ಮಹಾಮೇಳಗಳೂ ನಿಂತುಹೋದುವು.

ಸತ್ತ ಮೇಲೂ ಅಲುಗುವ ಕಾಯಿ

ಇವುಗಳನ್ನು ಕಾಯಿ ಎಂದು ಕರೆಯುವುದು ರೂಢಿಯ ಮಾತು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವು ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಮಾವು ಹಲಸುಗಳಲ್ಲಿ ಬೀಜದ ಸುತ್ತ ತಿರುಳು ಮುಚ್ಚಿಕೊಂಡಿರುತ್ತದೆ. ಈ ಮರಗಳಲ್ಲಿ ಬೀಜವು ಮರದಂತೆ ಗಟ್ಟಿಯಾದ ಪದರುಗಳ ಮೇಲೆ ಬರಿದೇ ಕುಳಿತಿರುತ್ತದೆ. ಪದರುಗಳು ಒತ್ತಾಗಿ ಮುಚ್ಚಿಕೊಂಡರೆ ಪೆಟ್ಟಿಗೆ, ಬಿಚ್ಚಿಕೊಂಡರೆ ಬಾಗಿಲು.

ಈ ಬಾಗಿಲನ್ನು ತೆಗೆದು ಮುಚ್ಚುವ ಯಂತ್ರ ಬಹು ಸೋಜಿಗದ್ದು. ಪ್ರತಿಯೊಂದು ಪದರಿನಲ್ಲಿಯೂ ಎರಡು ಬಗೆಯ ನಾರುಗಳ ಹಾಸುಗಳಿವೆ. ತೇವ ತಗುಲಿದಾಗ ಹೊರಗಡೆಯ ಹಾಸು ಒಳಗಿನದಕ್ಕಿಂತ ಹೆಚ್ಚಾಗಿ ಉಬ್ಬುತ್ತದೆ, ಪದರು ಒಳಕ್ಕೆ ಬಾಗುತ್ತದೆ. ಒಣಗಿದಾಗ ಅದು ಕುಗ್ಗಿ ಪದರು ಹೊರಕ್ಕೆ ಬಿಚ್ಚುತ್ತದೆ. ಹೀಗಾಗಿ ಮಳೆಯಲ್ಲಿ ಕಾಯಿ ಮುಚ್ಚಿಕೊಳ್ಳುತ್ತದೆ. ಗಾಳಿ ಬಿಸಿಲುಗಳ ದಿನ ತೆರೆದು, ರೆಕ್ಕೆಯುಳ್ಳ ಬೀಜಗಳನ್ನು ಹಾರಿಬಿಡುತ್ತದೆ. ಇದಕ್ಕೆ ಜೀವವೇ ಬೇಕಾಗಿಲ್ಲ. ಮರದಿಂದ ಬಿದ್ದು ವರ್ಷಗಳಾದ ಕಾಯಿಯನ್ನು ನೀರಿನಲ್ಲಿ ಅದ್ದಿಟ್ಟರೆ ಅದು ಮುಚ್ಚಿಕೊಳ್ಳುವುದನ್ನೂ, ಬಿಸಿಲಿಗಿಟ್ಟರೆ ಮತ್ತೆ ಅರಳುವುದನ್ನೂ ಮಕ್ಕಳು ಮನೆಯಲ್ಲೇ ನೋಡಬಹುದು.

ಆ ಪದರುಗಳ ಜೋಡಣೆಯಲ್ಲಿ ಇನ್ನೊಂದು ಚೆಲುವಿದೆ. ಕಾಯಿಯ ಬುಡವನ್ನು ಕಣ್ಣೆದುರು ಹಿಡಿದರೆ ಪದರುಗಳು ಸುರುಳಿ ಸುರುಳಿಯಾಗಿ ಎಡಕ್ಕೂ ಬಲಕ್ಕೂ ಸುತ್ತುವುದು ಕಾಣುತ್ತದೆ. ಎಣಿಸಿದರೆ ಸಾಮಾನ್ಯವಾಗಿ ಒಂದು ಕಡೆಗೆ 8, ಇನ್ನೊಂದು ಕಡೆಗೆ 13. ಇಲ್ಲವೇ 5 ಮತ್ತು 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ದೊರೆಯುವ ಈ ಸಂಖ್ಯೆಗಳ ಸಾಲಿಗೆ ಜಗತ್ತು ಇಟಲಿಯ ಫಿಬೊನಾಚಿಯ ಹೆಸರಿಟ್ಟಿದೆ. ಅವನ ಗ್ರಂಥ 1202ರದು. ಆದರೆ ಅದಕ್ಕೂ ಸುಮಾರು ಅರ್ಧ ಶತಮಾನದ ಹಿಂದೆಯೇ ಗುಜರಾತಿನ ಜೈನಾಚಾರ್ಯ ಹೇಮಚಂದ್ರನು ಛಂದಸ್ಸನ್ನು ವಿಚಾರ ಮಾಡುವಾಗ ಈ ಸಾಲನ್ನು ವಿವರಿಸಿದ್ದನು. ಲಘು ಗುರುಗಳನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಮೂರು ಮಾತ್ರೆಯ ಗಣವನ್ನು ಮೂರು ರೀತಿಯಲ್ಲಿಯೂ, ನಾಲ್ಕು ಮಾತ್ರೆಯದನ್ನು ಐದು ರೀತಿಯಲ್ಲಿಯೂ, ಐದು ಮಾತ್ರೆಯದನ್ನು ಎಂಟು ರೀತಿಯಲ್ಲಿಯೂ ಹೊಂದಿಸಬಹುದು. ಆರು ಮಾತ್ರೆಗೆ ಹದಿಮೂರು. ಕವಿಯ ನಾಲಗೆಯ ಮೇಲಿನ ಲೆಕ್ಕವೇ ಕಾಡಿನ ಕಾಯಿಯ ಮೈಮೇಲೂ ಬರೆದಿದೆ.

ಹಿರಿಯ ಮರದ ಕಿರಿಯ ಕಾಯಿ

ಕ್ಯಾಲಿಫೋರ್ನಿಯದ ಕಡಲ ತೀರದ ರೆಡ್‌ವುಡ್ ಮರವೊಂದನ್ನು 2006ರಲ್ಲಿ ಇಬ್ಬರು ಅನ್ವೇಷಕರು ಕಂಡುಹಿಡಿದರು. ಹೈಪೀರಿಯನ್ ಎಂದು ಹೆಸರಾದ ಆ ಮರದ ಎತ್ತರ 380 ಅಡಿ. ಇದಕ್ಕಿಂತ ಎತ್ತರದ ಜೀವಂತ ಮರ ಭೂಮಿಯ ಮೇಲೆ ತಿಳಿದುಬಂದಿಲ್ಲ. ಹಾಗಾದರೆ ಅದರ ಕಾಯಿ ಎಷ್ಟು ದೊಡ್ಡದಿರಬೇಡ? ಬರಿಯ ಒಂದು ಅಂಗುಲ! ಗಾತ್ರದಲ್ಲಿ ಎಲ್ಲ ಮರಗಳಿಗೂ ಅರಸನಾದ ಸಿಕ್ವೋಯಾ ಸಿಯೆರಾ ನೆವಾಡ ಪರ್ವತದ ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತದೆ. ಅವುಗಳಲ್ಲೆಲ್ಲ ದೊಡ್ಡದಾದ ಜನರಲ್ ಶೆರ್ಮನ್ ಮರದ ಎತ್ತರ 275 ಅಡಿ, ಬುಡದ ಸುತ್ತಳತೆ ಸುಮಾರು 103 ಅಡಿ. ಹದಿನೆಂಟು ಇಪ್ಪತ್ತು ಮಂದಿ ಕೈ ಕೈ ಹಿಡಿದು ನಿಂತರೆ ಮಾತ್ರ ಅದನ್ನು ಬಳಸಬಹುದು. ವಯಸ್ಸು ಎರಡು ಸಾವಿರ ವರ್ಷಕ್ಕೂ ಹೆಚ್ಚೆಂದು ಅಂದಾಜು. ಅದರ ಕಾಯಿ ಕೋಳಿಮೊಟ್ಟೆಯಷ್ಟು. ಬೀಜಗಳೋ, ಒಂದು ಕಿಲೋಗ್ರಾಮಿಗೆ ಸುಮಾರು ಎರಡು ಲಕ್ಷ ತೂಗುವಷ್ಟು ಹಗುರ.

ಇದು ಪ್ರಕೃತಿಯ ಜಿಪುಣತನವಲ್ಲ, ಜಾಣತನ. ದೊಡ್ಡ ಬೀಜವೆಂದರೆ ಮಗಳಿಗೆ ಬುತ್ತಿ ಕಟ್ಟಿ ಕಳುಹಿಸಿದಂತೆ. ಬರಗಾಲದ ನೆಲದಲ್ಲಿ ಬಿದ್ದರೂ ಆ ಬುತ್ತಿಯಿಂದ ಸಸಿ ಕೆಲವು ಕಾಲ ಬಾಳುತ್ತದೆ. ಅಂಥ ಬೀಜವನ್ನು ಅಳಿಲುಗಳೂ ಹಕ್ಕಿಗಳೂ ಕದ್ದೊಯ್ದು ನೆಲದಲ್ಲಿ ಹುಗಿದಿಡುತ್ತವೆ, ಮರೆತುಹೋದವು ಮೊಳೆಯುತ್ತವೆ. ಕಳ್ಳರಿಗೆ ಎಲ್ಲವೂ ದಕ್ಕದಂತೆ ಕೌಲ್ಟರ್ ಪೈನಿನ ಕೊಕ್ಕೆಗಳು ಕಾವಲು ನಿಲ್ಲುತ್ತವೆ. ಸಿಕ್ವೋಯಾದ ಹಾದಿ ಬೇರೆ. ಅದು ಬುತ್ತಿ ಕಟ್ಟುವುದಿಲ್ಲ. ಲಕ್ಷೋಪಲಕ್ಷ ಬೀಜಗಳನ್ನು ಗಾಳಿಗೆ ಒಪ್ಪಿಸುತ್ತದೆ. ಸಾವಿರಾರು ವರ್ಷದ ಆಯುಸ್ಸಿನಲ್ಲಿ ಒಂದೇ ಒಂದು ಬೀಜ ಮರವಾಗಿ ನಿಂತರೂ ವಂಶ ಉಳಿಯಿತು.

ತೊಗಲು ಸುಲಿದ ತಾಯಿ

1852ರಲ್ಲಿ ಆಗಸ್ಟಸ್ ಡೌಡ್ ಎಂಬ ಬೇಟೆಗಾರನು ಗಾಯಗೊಂಡ ಕರಡಿಯೊಂದನ್ನು ಬೆನ್ನಟ್ಟುತ್ತ ಕ್ಯಾಲವೆರಾಸ್ ಎಂಬಲ್ಲಿನ ಸಿಕ್ವೋಯಾ ತೋಪನ್ನು ಹೊಕ್ಕನು. ಅವನು ಹೇಳಿದುದನ್ನು ಸಂಗಡಿಗರು ಮೊದಲು ನಂಬಲಿಲ್ಲವಂತೆ. ನಂಬಿದ ಮೇಲೆ ಏನು ಮಾಡಿದರು? ಮರುವರ್ಷವೇ ಅವನು ಮೊದಲು ಕಂಡ ಮರವನ್ನು ಕೆಡವಿದರು. ಅಷ್ಟು ದೊಡ್ಡ ಗರಗಸವೇ ಇಲ್ಲದ್ದರಿಂದ ಬೈರಿಗೆಗಳಿಂದ ತೂತು ಕೊರೆಯುತ್ತ ಹೋದರು; ಕೆಲಸ ಇಪ್ಪತ್ತೆರಡು ದಿನ ಹಿಡಿಯಿತು. ಉಂಗುರಗಳನ್ನು ಎಣಿಸಿದಾಗ ಅದರ ವಯಸ್ಸು 1,244 ವರ್ಷ. ಉಳಿದ ಮೋಟು ಮರವನ್ನು ನಯಗೊಳಿಸಿ ಅದರ ಮೇಲೆ ನೃತ್ಯಕೂಟಗಳನ್ನು ನಡೆಸಿದರು.

1854ರಲ್ಲಿ ‘ಕಾಡಿನ ತಾಯಿ’ ಎಂದು ಹೆಸರಿಟ್ಟಿದ್ದ ಇನ್ನೊಂದು ಮರದ ಸರದಿ ಬಂದಿತು. ನೂರಡಿಗೂ ಎತ್ತರದವರೆಗೆ ಅದರ ತೊಗಟೆಯನ್ನು ಹಲಗೆ ಹಲಗೆಯಾಗಿ ಸುಲಿದು, ನ್ಯೂಯಾರ್ಕಿನಲ್ಲಿಯೂ ಆಮೇಲೆ ಲಂಡನ್ನಿನ ಸ್ಫಟಿಕ ಸೌಧದಲ್ಲಿಯೂ ಮತ್ತೆ ಮರದಾಕಾರದಲ್ಲಿ ಜೋಡಿಸಿ ಪ್ರದರ್ಶಿಸಿದರು. ಜನರು ಹಣ ಕೊಟ್ಟು ನೋಡಿದರು. 1866ರ ಕೊನೆಯಲ್ಲಿ ಅಲ್ಲಿಗೆ ಬೆಂಕಿ ಬಿದ್ದು ಆ ತೊಗಟೆ ಸುಟ್ಟುಹೋಯಿತು. ಇತ್ತ ತಾಯಿಯ ಮರ ನಿಂತಲ್ಲೇ ಒಣಗಿತು. ಸುಟ್ಟು ಕರಿಯಾದ ಅದರ ಬೊಡ್ಡೆ ಇಂದಿಗೂ ಅಲ್ಲಿ ನಿಂತಿದೆ.

ಕಾಳಿದಾಸನ ರಘುವಂಶದ ಎರಡನೆಯ ಸರ್ಗವನ್ನು ಓದಿದವರಿಗೆ ಇಲ್ಲಿ ಬೇರೊಂದು ಮರ ನೆನಪಾಗದಿರದು. ಹಿಮಾಲಯದ ಆ ದೇವದಾರುವನ್ನು ಶಿವನು ಮಗನೆಂದು ಸ್ವೀಕರಿಸಿದ್ದನು, ಪಾರ್ವತಿ ನೀರೆರೆದು ಬೆಳೆಸಿದ್ದಳು. ಕಾಡಾನೆಯೊಂದು ಕೆನ್ನೆಯನ್ನು ಉಜ್ಜಿ ಅದರ ತೊಗಟೆ ಸುಲಿದಾಗ, ಮಗ ಸ್ಕಂದನೇ ಗಾಯಗೊಂಡಂತೆ ಆಕೆ ಶೋಕಿಸಿದಳು. ತೊಗಟೆ ಹೋದ ಮರಕ್ಕಾಗಿ ಮರುಗಿದ ಆ ತಾಯಿಕರುಳು ಕ್ಯಾಲವೆರಾಸಿನಲ್ಲಿಯೂ ಪೂರ್ತಿ ಬತ್ತಿರಲಿಲ್ಲ. ಆ ಸುಲಿಗೆಯನ್ನು ಅಂದಿನ ಪತ್ರಿಕೆಗಳು ಖಂಡಿಸಿದುವು. 1864ರಲ್ಲಿ ಅಧ್ಯಕ್ಷ ಲಿಂಕನ್ನರು ಯೋಸೆಮಿಟಿ ಕಣಿವೆಯನ್ನೂ ಮಾರಿಪೋಸಾ ತೋಪನ್ನೂ ರಕ್ಷಿಸುವ ಶಾಸನಕ್ಕೆ ಸಹಿ ಹಾಕಿದರು. 1890ರಲ್ಲಿ ಸಿಕ್ವೋಯಾ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಅಷ್ಟರಲ್ಲಿ ಕೊಡಲಿಗೆ ಬಲಿಯಾದ ಮರಗಳು ಕಡಮೆಯೇನಲ್ಲ. ಬೀಳುವ ರಭಸಕ್ಕೇ ಅವು ಚೂರಾಗುತ್ತಿದ್ದುವು. ಸಾವಿರ ವರ್ಷದ ಮರಗಳು ಬೇಲಿಯ ಗೂಟಗಳೂ ಬೆಂಕಿಕಡ್ಡಿಗಳೂ ಆಗಿ ಮುಗಿದುವು.

ಬೆಂಕಿಯ ನೆಂಟತನ

ಕೊಡಲಿಯಿಂದ ಉಳಿದ ಮರಗಳನ್ನು ಬೆಂಕಿಯಿಂದಲೂ ಉಳಿಸಬೇಕೆಂದು ಕಾವಲುಗಾರರು ನಿಶ್ಚಯಿಸಿದರು. ಕಾಡಿನಲ್ಲಿ ಎಲ್ಲಿ ಕಿಡಿ ಕಂಡರೂ ಆರಿಸತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ದಶಕಗಳು ಕಳೆದರೂ ತೋಪುಗಳಲ್ಲಿ ಎಳೆಯ ಸಿಕ್ವೋಯಾಗಳೇ ಕಾಣಲಿಲ್ಲ.

ಕಾರಣವನ್ನು 1960ರ ದಶಕದಲ್ಲಿ ರಿಚರ್ಡ್ ಹಾರ್ಟೆಸ್‌ವೆಲ್ಟ್ ಮೊದಲಾದ ವಿಜ್ಞಾನಿಗಳು ತೋರಿಸಿಕೊಟ್ಟರು. ಸಿಕ್ವೋಯಾದ ಕಾಯಿ ಬಲಿತ ಮೇಲೂ ಹಸಿರಾಗಿ, ಮುಚ್ಚಿದ ಬಾಯಿಯಲ್ಲೇ ಇಪ್ಪತ್ತು ವರ್ಷಗಳವರೆಗೂ ಕೊಂಬೆಯಲ್ಲಿ ಉಳಿಯಬಲ್ಲದು. ಕೆಳಗೆ ಸಣ್ಣ ಬೆಂಕಿ ಹರಿದಾಗ ಅದರ ಶಾಖ ಮೇಲೇರಿ ಕಾಯಿಗಳು ಒಣಗಿ ಬಾಯಿ ಬಿಡುತ್ತವೆ. ತರಗೆಲೆ ಸುಟ್ಟು ಬಯಲಾದ ಮಣ್ಣಿನ ಮೇಲೆ ಬೀಜದ ಮಳೆ ಸುರಿಯುತ್ತದೆ. ಬುತ್ತಿಯಿಲ್ಲದ ಆ ಪುಟ್ಟ ಬೀಜಕ್ಕೆ ಬೇಕಾದುದು ಬರಿಯ ಮಣ್ಣು ಮತ್ತು ಬಿಸಿಲು. ಎರಡನ್ನೂ ಒದಗಿಸುವುದು ಬೆಂಕಿಯೇ. ದೊಡ್ಡ ಮರಕ್ಕೋ, ಎರಡು ಅಡಿಯವರೆಗೂ ದಪ್ಪವಾಗುವ ತೊಗಟೆಯೇ ಕವಚ. ನೆಲದ ಮೂಲನಿವಾಸಿಗಳು ಇದನ್ನು ಬಲ್ಲವರಾಗಿ ಕಾಲಕಾಲಕ್ಕೆ ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಇಡುತ್ತಿದ್ದರು. ಅಂದಿನಿಂದ ಉದ್ಯಾನದ ಅಧಿಕಾರಿಗಳೂ ಅಳತೆಯ ಬೆಂಕಿಯನ್ನು ತಾವೇ ಹಚ್ಚುವ ಪದ್ಧತಿಯನ್ನು ಆರಂಭಿಸಿದರು.

ಆದರೆ ಶತಮಾನದ ಸೌದೆ ಕಾಡಿನಲ್ಲಿ ಶೇಖರವಾಗಿತ್ತು. ಹವೆ ಬಿಸಿಯಾಗುತ್ತ ಬಂದಿತ್ತು. 2012ರಿಂದ 2016ರವರೆಗಿನ ಘೋರ ಬರಗಾಲದಲ್ಲಿ ಸುತ್ತಲಿನ ಅಸಂಖ್ಯಾತ ಪೈನುಗಳು ಒಣಗಿ ನಿಂತಿದ್ದುವು. 2020ರಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ ನೆಲದ ಮೇಲೆ ಹರಿಯುವ ಹಳೆಯ ನೆಂಟನಾಗಿರಲಿಲ್ಲ. ಮರಗಳ ನೆತ್ತಿಯಿಂದ ನೆತ್ತಿಗೆ ಹಾರುವ ವೈರಿಯಾಗಿತ್ತು. ಅದೊಂದರಲ್ಲೇ 7,500ರಿಂದ 10,600 ದೊಡ್ಡ ಸಿಕ್ವೋಯಾಗಳು ಅಳಿದುವೆಂದು ಅಂದಾಜು. 2021ರ ಬೆಂಕಿಗಳಲ್ಲಿ ಮತ್ತೆ ಎರಡು ಮೂರು ಸಾವಿರ. ಎರಡೇ ವರ್ಷಗಳಲ್ಲಿ ಲೋಕದಲ್ಲಿದ್ದ ದೊಡ್ಡ ಸಿಕ್ವೋಯಾಗಳಲ್ಲಿ ನೂರಕ್ಕೆ 13ರಿಂದ 19 ಇಲ್ಲವಾದುವು. 2021ರ ಸೆಪ್ಟೆಂಬರಿನಲ್ಲಿ ಜನರಲ್ ಶೆರ್ಮನ್ನಿನ ಬುಡಕ್ಕೆ ಅಗ್ನಿಶಾಮಕ ದಳದವರು ಬೆಂಕಿ ತಡೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆ ಮರ ಉಳಿಯಿತು.

ಡಗ್ಲಸನ ಸಕ್ಕರೆ ಪೈನಿನ ಕಷ್ಟ ಇನ್ನೊಂದು ಬಗೆಯದು. 1910ರಲ್ಲಿ ಫ್ರಾನ್ಸಿನಿಂದ ವ್ಯಾಂಕೂವರಿಗೆ ತರಿಸಿದ ಸಸಿಗಳೊಡನೆ ಬಂದ ತುಕ್ಕುರೋಗದ ಬೂಷ್ಟು ದಕ್ಷಿಣಕ್ಕೆ ಹಬ್ಬಿ ಅದನ್ನು ಕಾಡುತ್ತಿದೆ. ಆದರೆ ಕೆಲವು ಮರಗಳು ಹುಟ್ಟಿನಿಂದಲೇ ಆ ರೋಗವನ್ನು ತಡೆಯಬಲ್ಲವೆಂಬುದು 1970ರಲ್ಲಿ ತಿಳಿದುಬಂದಿತು. ಅಂಥ ಮರಗಳ ಕಾಯಿಗಳನ್ನು ಕೊಯ್ದು ಸಸಿ ಎಬ್ಬಿಸುವ ಕೆಲಸ ನಡೆದಿದೆ.

ಭಾರತದಲ್ಲೂ ಕಾಯಿಗೂ ಕಾಡಿಗೂ ಇಂಥದೇ ಲೆಕ್ಕವುಂಟು. ನಗರಗಳ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಚಿಲ್ಗೋಜಾ ಬೀಜ ಹಿಮಾಚಲದ ಕಿನ್ನೌರಿನ ಪೈನ್ ಕಾಯಿಗಳಿಂದ ಬರುವಂಥದು. ಬೆಲೆ ಹೆಚ್ಚಿದಷ್ಟೂ ಕಾಯಿಗಳನ್ನು ಒಂದೂ ಬಿಡದೆ ಕೊಯ್ಯುತ್ತಾರೆ. ಕಾಯಿಯೆಲ್ಲ ಪೇಟೆಗೆ ಹೋದರೆ ಕಾಡಿನಲ್ಲಿ ಮೊಳೆಯುವುದಕ್ಕೆ ಉಳಿಯುವುದೇನು?

ಬೆಂಕಿಯ ಉಗ್ರತೆಗೆ ಕಾಯಿಗಳೂ ಬೀಜಗಳೂ ಸುಟ್ಟುಹೋದ ತೋಪುಗಳಲ್ಲಿ ಸಿಕ್ವೋಯಾ ಸಸಿಗಳನ್ನು ಕೈಯಿಂದಲೇ ನೆಡುವುದೆಂದು ಉದ್ಯಾನದ ಆಡಳಿತವು 2023ರಲ್ಲಿ ತೀರ್ಮಾನಿಸಿತು. ಕಾಡನ್ನು ಅದರ ಪಾಡಿಗೆ ಬಿಡಬೇಕು, ಮನುಷ್ಯ ಕೈಹಾಕಬಾರದು ಎಂದು ಆಕ್ಷೇಪಿಸಿದವರೂ ಉಂಟು. ಅವರೂ ಮರಗಳ ಮೇಲಿನ ಪ್ರೀತಿಯಿಂದಲೇ ಹಾಗೆಂದವರು. ವಾದ ಇನ್ನೂ ತೀರಿಲ್ಲ. ನೆಟ್ಟ ಸಸಿ ಇಂದು ಗೇಣುದ್ದವಿದ್ದೀತು. ಅದು ಶೆರ್ಮನ್ ಮರದಷ್ಟಾಗಲು ಇಪ್ಪತ್ತು ಶತಮಾನ ಬೇಕು. ನೆಟ್ಟವರಾಗಲಿ, ಬೇಡವೆಂದವರಾಗಲಿ ಅದನ್ನು ನೋಡಲಾರರು. ಆದರೂ ಬೆಟ್ಟವೇರಿ, ಬೂದಿಯಲ್ಲಿ ಗುಳಿ ತೋಡಿ ನೆಡುತ್ತಿದ್ದಾರೆ.